ಅಮ್ಮನಿಗೆ ನೆಲದಿಂದ ಏಳಲು ಆಗುತ್ತಿಲ್ಲ, ಈ ವಯಸ್ಸಲ್ಲಿ ಕಾಲಿಗೆ ಮತ್ತೆ ಬಲ ಬರುತ್ತಾ?

ಹಾಸನದ ಮಗಳು

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 68 ವರ್ಷ. ನಾಲ್ಕು ವರ್ಷದ ಹಿಂದೆ ಮಂಡಿನೋವು ಅಂತ ತೋರಿಸಿದಾಗ ಡಾಕ್ಟರ್ ಎಕ್ಸ್‌ರೇ ನೋಡಿ, ಮಂಡಿ ಸವೆದಿದೆ, ಇನ್ನು ನೆಲದ ಮೇಲೆ ಕೂರಬೇಡಿ, ಮೆಟ್ಟಿಲು ಹತ್ತಬೇಡಿ ಅಂದರು. ಅಷ್ಟೇ. ಅದರ ಬದಲು ಏನು ಮಾಡಬೇಕು ಅಂತ ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಅಮ್ಮ ಚಾಚೂ ತಪ್ಪದೆ ಪಾಲಿಸಿದರು. ಈಳಿಗೆ ಮಣೆ ಅಟ್ಟ ಸೇರಿತು. ಚಾಪೆ ಹೋಗಿ ಮಂಚ ಬಂತು, ಕಮೋಡ್ ಹಾಕಿಸಿದೆವು, ದೇವರ ಮನೆಯಲ್ಲೂ ಒಂದು ಪ್ಲಾಸ್ಟಿಕ್ ಕುರ್ಚಿ ಇಟ್ಟೆವು. ನೋವು ಕಡಿಮೆಯಾಯಿತು, ನಾವೂ ಸಮಾಧಾನವಾಗಿದ್ದೆವು.

ಹೋದ ತಿಂಗಳು ಒಂದು ಶುಕ್ರವಾರ ಯಾರೂ ಮನೆಯಲ್ಲಿಲ್ಲದಾಗ ದೇವರ ಮುಂದೆ ರಂಗೋಲಿ ಹಾಕಲು ನೆಲಕ್ಕೆ ಕೂತಿದ್ದಾರೆ. ಏಳಲು ಆಗಿಲ್ಲ. ನಾನು ಬರುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿತ್ತು. ಗೋಡೆಗೆ ಅಂಗೈ ಒತ್ತಿಕೊಂಡು ಕೂತಿದ್ದರು, ಬಳೆಗೆಲ್ಲ ಸುಣ್ಣ ಮೆತ್ತಿಕೊಂಡಿತ್ತು. ಗೋಡೆಯ ಮೇಲೆ ಬಳೆ ಗೀರಿದ ಗುರುತು, ಒಂದರ ಪಕ್ಕ ಒಂದು. ಎಷ್ಟು ಸಲ ಪ್ರಯತ್ನಪಟ್ಟಿದ್ದರೋ. ತುಂಬಾ ನೋವಿತ್ತಾ ಅಂತ ಕೇಳಿದೆ. "ನೋವು ಇರಲಿಲ್ಲ ಕಣೇ, ಕಾಲಲ್ಲಿ ಜೀವವೇ ಇರಲಿಲ್ಲ" ಅಂದರು.

ಆ ಮಾತು ನನ್ನ ತಲೆಯಿಂದ ಹೋಗುತ್ತಿಲ್ಲ. ಈ ವಯಸ್ಸಲ್ಲಿ ಕಾಲಿಗೆ ಮತ್ತೆ ಬಲ ಬರುತ್ತಾ? ಎಲ್ಲಿಂದ ಶುರು ಮಾಡಬೇಕು? ಅನುಭವ ಇರುವವರು ದಯವಿಟ್ಟು ಹೇಳಿ.

ಹುಬ್ಬಳ್ಳಿ ಫಿಸಿಯೋ

ಅಕ್ಕಾ, ಬರುತ್ತದೆ. ಧೈರ್ಯವಾಗಿರಿ. ಹದಿನಾಲ್ಕು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ, ನಿಮ್ಮ ಅಮ್ಮನಂಥವರು ವಾರಕ್ಕೆ ನಾಲ್ಕೈದು ಜನ ಬರುತ್ತಾರೆ.

ಮೊದಲು ಅವರು ಹೇಳಿದ ಮಾತನ್ನೇ ಗಮನಿಸಿ. ನೋವಿರಲಿಲ್ಲ, ಬಲ ಇರಲಿಲ್ಲ. ಎರಡೂ ಬೇರೆ ಬೇರೆ. ಕೂತು ಏಳುವಾಗ ಕೆಲಸ ಮಾಡುವುದು ತೊಡೆಯ ಮುಂದಿನ ಸ್ನಾಯು ಮತ್ತು ಕುಂಡಿಯ ಸ್ನಾಯು. ನಾಲ್ಕು ವರ್ಷ ಅವಕ್ಕೆ ಕೆಲಸವೇ ಕೊಡದಿದ್ದರೆ ಅವು ಕರಗುತ್ತವೆ. ತೊಡೆ ಸೋತರೆ ಮಂಡಿಯ ಮೇಲೆ ಬೀಳುವ ಹೊಡೆತವೂ ಜಾಸ್ತಿಯಾಗುತ್ತದೆ, ಯಾಕೆಂದರೆ ಆ ಹೊಡೆತ ತಡೆಯಬೇಕಾದದ್ದೇ ತೊಡೆ. ಮಂಡಿ ಸವೆತಕ್ಕೆ ಈಗ ಎಲ್ಲ ಕಡೆ ಮೊದಲು ಹೇಳುವ ಚಿಕಿತ್ಸೆಯೇ ವ್ಯಾಯಾಮ. ಸುಮ್ನೆ ಕೂರಿ ಅಂತ ಯಾರೂ ಹೇಳುವುದಿಲ್ಲ.

ಇವತ್ತೇ ಒಂದು ಪರೀಕ್ಷೆ ಮಾಡಿ. ಒಂದೂವರೆ ಅಡಿ ಎತ್ತರದ, ಕೈಯಿಲ್ಲದ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಅಮ್ಮ ಎರಡೂ ಕೈಯನ್ನು ಎದೆಯ ಮೇಲೆ ಕಟ್ಟಿಕೊಳ್ಳಲಿ. ಮೂವತ್ತು ಸೆಕೆಂಡಲ್ಲಿ ಎಷ್ಟು ಸಲ ಪೂರ್ತಿ ಎದ್ದು ಪೂರ್ತಿ ಕೂರುತ್ತಾರೆ ಎಣಿಸಿ. 65ರಿಂದ 69 ವಯಸ್ಸಿನ ಹೆಂಗಸರಿಗೆ 11ಕ್ಕಿಂತ ಕಡಿಮೆ ಬಂದರೆ ಬೀಳುವ ಅಪಾಯ ಜಾಸ್ತಿ ಅಂತ ಲೆಕ್ಕ. ಗಂಡಸರಿಗೆ ಅದೇ ವಯಸ್ಸಲ್ಲಿ 12. ಕೈ ಊರಿದರೆ ಸೊನ್ನೆ. ನೀವು ಪಕ್ಕದಲ್ಲೇ ನಿಂತಿರಿ.

ಒಂದು ಎಚ್ಚರಿಕೆ. ಮಂಡಿ ಊದಿಕೊಂಡು ಬಿಸಿಯಾಗಿದ್ದರೆ, ಮಡಚಿದ ಮಂಡಿ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಿದ್ದರೆ, ಒಂದು ಕಾಲು ಇದ್ದಕ್ಕಿದ್ದ ಹಾಗೆ ಸೋತರೆ, ಕಾಲು ಜೋಮು ಹಿಡಿಯುವುದರ ಜೊತೆ ಮೂತ್ರದ ಮೇಲೆ ಹಿಡಿತ ತಪ್ಪುತ್ತಿದ್ದರೆ, ವ್ಯಾಯಾಮ ಆಮೇಲೆ. ಮೊದಲು ಡಾಕ್ಟರ್.

ಹಾಸನದ ಮಗಳು

ಮಾಡಿಸಿದೆ ಸರ್. ಕೈ ಕಟ್ಟಿಕೊಂಡು ಒಂದೂ ಆಗಲಿಲ್ಲ. ಕೈ ಊರಿದರೆ ನಾಲ್ಕು. ಅಮ್ಮನ ಮುಖ ಸಣ್ಣಗಾಯಿತು. ಇಷ್ಟು ವರ್ಷ ಸೋಫಾದ ಕೈ ಹಿಡಿದೇ ಏಳುತ್ತಿದ್ದರು, ನಮಗೆ ಗೊತ್ತೇ ಆಗಿರಲಿಲ್ಲ.

ಹುಬ್ಬಳ್ಳಿ ಫಿಸಿಯೋ

ಪರವಾಗಿಲ್ಲ, ಎಲ್ಲಿಂದ ಶುರು ಮಾಡಬೇಕು ಅನ್ನುವುದು ಗೊತ್ತಾಯಿತಲ್ಲ. ಕುರ್ಚಿಯ ಮೇಲೆ ಎರಡು ಗಟ್ಟಿ ದಿಂಬು ಇಟ್ಟು ಎತ್ತರ ಮಾಡಿ. ಕೈ ಊರದೆ ಏಳಲು ಆಗುವ ಎತ್ತರ ಯಾವುದೋ ಅದೇ ಅವರ ಒಂದನೇ ಕ್ಲಾಸು. ಪಾದ ಹಿಂದಕ್ಕೆ ಎಳೆದುಕೊಳ್ಳಲಿ, ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಮುಂದೆ ಬಾಗಲಿ, ಆಮೇಲೆ ಏಳಲಿ. ಬೆನ್ನು ನೆಟ್ಟಗೆ ಇಟ್ಟುಕೊಂಡೇ ಏಳಲು ಹೋಗುವುದರಿಂದ ಎಷ್ಟೋ ಜನರಿಗೆ ಏಳಲು ಆಗುವುದಿಲ್ಲ. ಕೂರುವಾಗ ಧೊಪ್ಪನೆ ಬೀಳಬಾರದು. ಮೂರು ಎಣಿಸುತ್ತಾ ನಿಧಾನಕ್ಕೆ ಇಳಿಯಬೇಕು. ಬಲ ಕಟ್ಟುವುದರಲ್ಲಿ ಅರ್ಧ ಕೆಲಸ ಆ ಇಳಿಯುವುದರಲ್ಲೇ ಇದೆ.

ಐದು ಸಲ, ಸ್ವಲ್ಪ ಸುಧಾರಿಸಿಕೊಂಡು ಇನ್ನೈದು. ಒಂದು ದಿನ ಬಿಟ್ಟು ಒಂದು ದಿನ ಸಾಕು. ಹತ್ತು ಸಲೀಸಾದ ಮೇಲೆ ಒಂದು ದಿಂಬು ತೆಗೆಯಿರಿ.

ಮೈಸೂರಿನ ಗರಡಿ ಹುಡುಗ

ಫಿಸಿಯೋ ಅವರು ಹೇಳಿದ್ದು ಓದಿ ನಮ್ಮ ಗರಡಿ ಮನೆಯೇ ನೆನಪಾಯಿತು. ನಾನು ಹದಿಮೂರನೇ ವಯಸ್ಸಲ್ಲಿ ಸೇರಿದಾಗ ಉಸ್ತಾದರು ಬಸ್ಕಿ ಹೊಡೆಯಲು ಬಿಡಲೇ ಇಲ್ಲ. ಗುದ್ದಲಿ ಕೊಟ್ಟು ಮಟ್ಟಿ ಅಗೆಯಲು ಹಚ್ಚಿದರು. ಕೆಮ್ಮಣ್ಣು ಅಗೆದು, ಮತ್ತೆ ತುಳಿದು ಸಮ ಮಾಡಬೇಕು. ಎರಡು ವಾರ ಬರೀ ಅದೇ. ಕಾಲು, ಸೊಂಟ ಅದರಲ್ಲೇ ಗಟ್ಟಿಯಾಯಿತು. ಆಮೇಲೆ ಹತ್ತು ಬಸ್ಕಿ, ದಿನಕ್ಕೆ ಎರಡು ಜಾಸ್ತಿ. ನೂರು ಹೊಡೆಯುವ ಪೈಲ್ವಾನರೆಲ್ಲ ಹತ್ತರಿಂದಲೇ ಶುರು ಮಾಡಿದವರು ಅನ್ನುತ್ತಿದ್ದರು. ಶಾಲೆಯಲ್ಲಿ ಶಿಕ್ಷೆ ಅಂತ ಬಸ್ಕಿ ಹೊಡೆಸಿ ಹೊಡೆಸಿ ಅದಕ್ಕೆ ಕೆಟ್ಟ ಹೆಸರು ತಂದುಬಿಟ್ಟಿದ್ದಾರೆ. ಕಾಲಿಗೆ ಅಷ್ಟು ಒಳ್ಳೆಯದು ಬೇರೆ ಇಲ್ಲ.

ನಿಮ್ಮಮ್ಮ ದಿಂಬಿನ ಮೇಲಿಂದ ಏಳುವುದೂ ಬಸ್ಕಿಯೇ. ಅವರಿಗೆ ಹಾಗಂತ ಹೇಳಿ, ಖುಷಿಪಡುತ್ತಾರೆ.

ಕುಂದಾಪುರದ ಅತ್ತೆ

ಎಲ್ಲರೂ ನೆಲವೇ ಔಷಧ ಅನ್ನುವ ಹಾಗೆ ಮಾತಾಡುತ್ತಿದ್ದೀರಿ. ನನ್ನದೂ ಒಂದು ಮಾತು ಕೇಳಿ. ಮದುವೆಯಾದಾಗಿನಿಂದ ಇಪ್ಪತ್ತಾರು ವರ್ಷ ಬೀಡಿ ಕಟ್ಟಿದ್ದೇನೆ. ಬೆಳಿಗ್ಗೆ ಮನೆ ಕೆಲಸ ಮುಗಿಸಿ ಮೊರ ತೊಡೆಯ ಮೇಲಿಟ್ಟುಕೊಂಡು ಕೂತರೆ ಮಧ್ಯಾಹ್ನ ಊಟಕ್ಕೇ ಏಳುವುದು. ಮತ್ತೆ ಕೂತರೆ ದೀಪ ಹಚ್ಚುವ ಹೊತ್ತಿಗೆ. ನೆಲದ ಮೇಲೆ ನನ್ನಷ್ಟು ಕೂತವರು ಇಲ್ಲಿ ಯಾರೂ ಇರಲಿಕ್ಕಿಲ್ಲ. 57ಕ್ಕೆ ಎರಡೂ ಮಂಡಿ ಬದಲಿಸಬೇಕಾಯಿತು. ನೆಲದ ಮೇಲೆ ಕೂತರೆ ಕಾಲು ಗಟ್ಟಿ ಅನ್ನುವುದಾದರೆ ನನ್ನ ಕಾಲು ಯಾಕೆ ಹೋಯಿತು?

ಹುಬ್ಬಳ್ಳಿ ಫಿಸಿಯೋ

ಅಮ್ಮಾ, ನೀವು ಹೇಳಿದ್ದು ನೂರಕ್ಕೆ ನೂರು ನಿಜ. ನಾನು ಮೊದಲೇ ಬಿಡಿಸಿ ಹೇಳಬೇಕಿತ್ತು. ಕಾಲಿಗೆ ಬಲ ಕೊಡುವುದು ಕೂತು ಏಳುವುದು. ಕೂತೇ ಇರುವುದಲ್ಲ. ಮಡಚಿದ ಮಂಡಿಯನ್ನು ಗಂಟೆಗಟ್ಟಲೆ ಹಾಗೇ ಬಿಟ್ಟರೆ ಅದಕ್ಕೆ ಕಷ್ಟವೇ. ಬೀಜಿಂಗ್‌ನಲ್ಲಿ ವಯಸ್ಸಾದವರ ಮೇಲೆ ಒಂದು ದೊಡ್ಡ ಅಧ್ಯಯನ ಆಯಿತು, 2004ರಲ್ಲಿ ಪ್ರಕಟವಾಯಿತು. ಹರೆಯದಲ್ಲಿ ದಿನಾ ಗಂಟೆಗಟ್ಟಲೆ ಕುಕ್ಕರಗಾಲಲ್ಲಿ ಕೂರುತ್ತಿದ್ದವರಲ್ಲಿ ಮುಂದೆ ಮಂಡಿ ಸವೆತ ಜಾಸ್ತಿ ಕಂಡುಬಂತು. ಬೀಡಿ ಕಟ್ಟುವವರು, ಕಳೆ ಕೀಳುವವರು, ನೆಲಕ್ಕೆ ಟೈಲ್ಸ್ ಹಾಕುವವರು, ಇವರ ಮಂಡಿ ಸವೆದರೆ ಅದು ಅವರ ತಪ್ಪಲ್ಲ, ಕೆಲಸ ಹಾಗಿದೆ. ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಿದ್ದರೆ ಎಷ್ಟೋ ತಡೆಯಬಹುದಿತ್ತು. ಆದರೆ ಕಟ್ಟಿದಷ್ಟಕ್ಕೇ ಕೂಲಿ ಅಂದಾಗ ಏಳುವುದು ಹೇಗೆ?

ಮಂಡಿ ಬದಲಿಸಿದವರು ಕುಕ್ಕರಗಾಲಲ್ಲಿ ಕೂರುವುದು ಬೇಡ. ಆಪರೇಷನ್ ಮಾಡಿದವರು ಎಷ್ಟು ಮಡಚಿ ಅಂದಿದ್ದಾರೋ ಅಷ್ಟೇ. ಆದರೆ ಕುರ್ಚಿಯಿಂದ ಏಳುವುದು, ಅಡುಗೆಮನೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು, ಇವು ನಿಮಗೂ ಬೇಕು. ಹೊಸ ಮಂಡಿಯನ್ನು ಹಿಡಿದು ನಿಲ್ಲಿಸುವುದೂ ಅದೇ ಹಳೆಯ ತೊಡೆ ತಾನೇ. ಆಪರೇಷನ್ ಆದಮೇಲೆ ವ್ಯಾಯಾಮ ಹೇಳಿಕೊಟ್ಟಿದ್ದರಲ್ಲ, ಈಗಲೂ ಮಾಡುತ್ತಿದ್ದೀರಾ?

ಕುಂದಾಪುರದ ಅತ್ತೆ

ಮೂರು ತಿಂಗಳು ಮಾಡಿದೆ. ಆಮೇಲೆ ಬಿಟ್ಟೆ.

ಮೇಳದವ

ನಾನು ಬಡಗುತಿಟ್ಟಿನ ಯಕ್ಷಗಾನ ಕಲಾವಿದ. ಅತ್ತೆಯವರ ಮಾತು ಓದಿ ಬರೆಯಬೇಕು ಅನ್ನಿಸಿತು. ನಮ್ಮಲ್ಲಿ ಮಂಡಿ ಹಾಕುವುದು ಅಂತ ಇದೆ, ಮಂಡಿ ನೆಲಕ್ಕೆ ಕೊಟ್ಟು ಗಿರಗಿರ ಸುತ್ತುವುದು. ಜನ ಚಪ್ಪಾಳೆ ಹೊಡೆದಷ್ಟೂ ಇನ್ನೆರಡು ಸುತ್ತು ಹಾಕೋಣ ಅನ್ನಿಸುತ್ತದೆ. ನಲವತ್ತು ದಾಟುತ್ತಿದ್ದ ಹಾಗೆ ನನಗೆ ಮೆಟ್ಟಿಲು ಇಳಿಯುವುದು ಕಷ್ಟವಾಯಿತು.

ಗಮನಿಸಿದಾಗ ಒಂದು ವಿಷಯ ಗೊತ್ತಾಯಿತು. ಮಳೆಗಾಲದಲ್ಲಿ ತಿರುಗಾಟ ಇರುವುದಿಲ್ಲ. ಐದಾರು ತಿಂಗಳು ಕಾಲಿಗೆ ಏನೂ ಕೆಲಸ ಕೊಡದೆ, ದೀಪಾವಳಿ ಕಳೆದು ಮೇಳ ಹೊರಟ ಮೊದಲ ವಾರವೇ ರಾತ್ರಿಯಿಡೀ ಕುಣಿಯುತ್ತಿದ್ದೆ. ನೋವೆಲ್ಲ ಶುರುವಾಗುತ್ತಿದ್ದುದು ಆ ಮೊದಲ ಎರಡು ವಾರದಲ್ಲೇ. ಈಗ ಮಳೆಗಾಲದಲ್ಲೂ ಮನೆಯ ಜಗಲಿಯ ಮೇಲಿಂದ ಒಂದು ಕಾಲನ್ನು ನಿಧಾನಕ್ಕೆ ಅಂಗಳಕ್ಕೆ ಇಳಿಸಿ, ಹಿಮ್ಮಡಿ ನೆಲಕ್ಕೆ ತಾಗಿದ ಕೂಡಲೇ ಮತ್ತೆ ಮೇಲೆತ್ತುತ್ತೇನೆ. ಭಾರವೆಲ್ಲ ಮೇಲಿನ ಕಾಲಿನ ಮೇಲೆ ಇರಬೇಕು. ಒಂದೊಂದು ಕಾಲಿಗೆ ಹನ್ನೆರಡು ಸಲ. ಜಗಲಿ ಎತ್ತರವಾದರೆ ಮೊದಲು ಒಂದು ಇಟ್ಟಿಗೆಯ ಮೇಲಿಂದ ಮಾಡಿ. ಎರಡು ವರ್ಷವಾಯಿತು, ಮಂಡಿನೋವಿಗೆ ರಜೆ ಹಾಕಿಲ್ಲ. ಮಂಡಿ ಸುತ್ತುವುದನ್ನೂ ಕಡಿಮೆ ಮಾಡಿದ್ದೇನೆ, ಅದನ್ನೂ ಹೇಳಬೇಕು.

ಕುವೆಂಪುನಗರದ ನಿವೃತ್ತ ಮೇಷ್ಟ್ರು

ಮೇಳದವರು ಇಳಿಯುವ ವಿಷಯ ಹೇಳಿದ್ದು ಸರಿಯಾಗಿದೆ. ನನಗೆ 72. ಪ್ರತಿ ಭಾನುವಾರ ಚಾಮುಂಡಿ ಬೆಟ್ಟ ಮೆಟ್ಟಿಲ ಮೇಲೆ ಹತ್ತುತ್ತೇನೆ. ಸಾವಿರ ಮೆಟ್ಟಿಲು. ದೊಡ್ಡ ನಂದಿಯ ಹತ್ತಿರ ಬಂದರೆ ಏಳುನೂರು ಆಯಿತು ಅಂತ ಲೆಕ್ಕ. ಹತ್ತುವಾಗ ಏದುಸಿರು ಬರುತ್ತದೆ, ಆದರೆ ಮಂಡಿ ಏನೂ ಅನ್ನುವುದಿಲ್ಲ. ಇಳಿಯುವಾಗ ಪ್ರತಿ ಹೆಜ್ಜೆಗೂ ಮೈಭಾರವೆಲ್ಲ ಒಂದೇ ಮಂಡಿಯ ಮೇಲೆ. ಮೊದಲ ವರ್ಷ ಇಳಿದೂ ಇಳಿದೂ ಸೋಮವಾರ ನಡೆಯಲು ಆಗುತ್ತಿರಲಿಲ್ಲ. ಆಮೇಲೆ ಹತ್ತಿ, ದರ್ಶನ ಮಾಡಿ, ಬಸ್ಸಲ್ಲಿ ಇಳಿಯಲು ಶುರು ಮಾಡಿದೆ. ಈಗ ನಂದಿಯವರೆಗೆ ಇಳಿದು ಅಲ್ಲಿಂದ ರಸ್ತೆ ಹಿಡಿಯುತ್ತೇನೆ. ಬರುವ ವರ್ಷ ಪೂರ್ತಿ ಇಳಿಯಬೇಕು ಅಂತ ಇದೆ.

ಬಾಸ್ಟನ್ ನರ್ಸಮ್ಮ

ವಯಸ್ಸಾದ ಮೇಲೆ ಬಲ ಬರುತ್ತಾ ಅಂತ ಕೇಳಿದ್ದರಲ್ಲ, ಅದಕ್ಕೆ ಉತ್ತರ ನಾನಿರುವ ಈ ಊರಲ್ಲೇ ಸಿಕ್ಕಿದೆ. 1990ರಲ್ಲಿ ಇಲ್ಲಿಯ ಒಂದು ವೃದ್ಧರ ಆರೈಕೆ ಕೇಂದ್ರದಲ್ಲಿ ಸರಾಸರಿ 90 ವಯಸ್ಸಿನ ಹತ್ತು ಜನರಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದರು. ಗಟ್ಟಿಮುಟ್ಟಾದವರಲ್ಲ, ತೀರಾ ಬಳಲಿದವರು. ತೊಡೆಯ ಬಲ ಸರಾಸರಿ 174 ಪರ್ಸೆಂಟ್ ಜಾಸ್ತಿಯಾಯಿತು. ಅಂದರೆ ಎರಡೂವರೆ ಪಟ್ಟಿಗಿಂತ ಹೆಚ್ಚು. ಅವರಲ್ಲಿ ಇಬ್ಬರು ಊರುಗೋಲು ಬಿಟ್ಟು ನಡೆದರು. ತೊಡೆಯ ಸ್ನಾಯು ದಪ್ಪವಾಗಿದ್ದು ಮಾತ್ರ ಬರೀ 9 ಪರ್ಸೆಂಟ್. ಬಲ ಅಷ್ಟೊಂದು ಬಂದಿದ್ದು ಹೇಗೆ ಅಂದರೆ, ಮಲಗಿದ್ದ ಸ್ನಾಯುವನ್ನು ನರಗಳು ಮತ್ತೆ ಎಬ್ಬಿಸಿ ಕೆಲಸಕ್ಕೆ ಹಚ್ಚುತ್ತವೆ. ಮೊದಲ ಕೆಲವು ವಾರ ಬರುವ ಬಲ ಹೆಚ್ಚಾಗಿ ಅದೇ. ಆದ್ದರಿಂದ ಮೂರನೇ ವಾರಕ್ಕೆ ಕಾಲು ಅಷ್ಟೇ ಸಣ್ಣ ಇದೆ ಅಂತ ಬೇಜಾರು ಮಾಡಿಕೊಳ್ಳಬೇಡಿ.

ಊಟದ ಕಡೆಯೂ ನೋಡಿ. ನಮ್ಮ ಅಮ್ಮಂದಿರು ಸಂಜೆಗೆ ಒಂದು ಮುದ್ದೆ, ಸ್ವಲ್ಪ ಸಾರು, ಮಜ್ಜಿಗೆ ಅನ್ನ ಅಂತ ಮುಗಿಸಿಬಿಡುತ್ತಾರೆ. ವಯಸ್ಸಾದವರಿಗೆ ಮೈತೂಕದ ಒಂದೊಂದು ಕಿಲೋಗೆ ದಿನಕ್ಕೆ ಒಂದರಿಂದ 1.2 ಗ್ರಾಂ ಪ್ರೋಟೀನ್ ಬೇಕು. ಮೂರು ಹೊತ್ತಿಗೂ ಹಂಚಿಕೊಂಡರೆ ಒಳ್ಳೆಯದು. ಮೊಳಕೆ ಕಾಳಿನ ಸಾರಲ್ಲಿ ಸಾರಿಗಿಂತ ಕಾಳು ಜಾಸ್ತಿ ಬಡಿಸಿ. ತಿನ್ನುವವರಾದರೆ ಮೊಟ್ಟೆ, ಮೀನು. ಕಿಡ್ನಿ ತೊಂದರೆ ಇರುವವರು ಮಾತ್ರ ಡಾಕ್ಟರನ್ನು ಕೇಳದೆ ಜಾಸ್ತಿ ಮಾಡಬಾರದು.

ಬೆಂಗಳೂರು ಸಾಫ್ಟ್‌ವೇರ್

ನನಗೆ 34. ಇಲ್ಲಿ ಬರೆಯಲು ಸಂಕೋಚ ಆಗುತ್ತಿದೆ, ಆದರೂ ಕೇಳುತ್ತೇನೆ. ಊರಿಗೆ ಹೋದರೆ ಕುಕ್ಕರಗಾಲಲ್ಲಿ ಕೂರಲು ಆಗುವುದಿಲ್ಲ, ಹಿಮ್ಮಡಿ ಮೇಲೇಳುತ್ತದೆ, ಹಿಂದಕ್ಕೆ ಬೀಳುತ್ತೇನೆ. ತೊಡೆಯಲ್ಲಿ ಬಲ ಇದೆ, ಜಿಮ್‌ಗೆ ಹೋಗುತ್ತೇನೆ. ನಮ್ಮ ತಾತ 80ರಲ್ಲೂ ಜಗಲಿ ಮುಂದೆ ಹಾಗೇ ಕೂತು ಬೆಳಗಿನ ಕಾಫಿ ಕುಡಿಯುತ್ತಾರೆ.

ಹುಬ್ಬಳ್ಳಿ ಫಿಸಿಯೋ

ನಿಮ್ಮದು ಬಲದ ತೊಂದರೆ ಅಲ್ಲ, ಪಾದದ ಕೀಲು ಬಿಗಿದಿದೆ. ಗೋಡೆಗೆ ಮುಖ ಮಾಡಿ, ಹೆಬ್ಬೆರಳು ಗೋಡೆಯಿಂದ ನಾಲ್ಕು ಇಂಚು ದೂರ ಇಡಿ. ಹಿಮ್ಮಡಿ ಎತ್ತದೆ ಮಂಡಿ ಗೋಡೆಗೆ ಮುಟ್ಟಬೇಕು. ಮುಟ್ಟದಿದ್ದರೆ ಅದನ್ನೇ ದಿನಾ ಅಭ್ಯಾಸ ಮಾಡಿ, ಮುಟ್ಟುವಷ್ಟು ದೂರದಿಂದ ಶುರು ಮಾಡಿ ಸ್ವಲ್ಪ ಸ್ವಲ್ಪವೇ ಹಿಂದೆ ಸರಿಯಿರಿ. ಜೊತೆಗೆ ಹಿಮ್ಮಡಿ ಕೆಳಗೆ ಒಂದು ದಪ್ಪ ಪುಸ್ತಕ ಇಟ್ಟು, ಕಿಟಕಿ ಸರಳು ಹಿಡಿದು ಕುಕ್ಕರಗಾಲಲ್ಲಿ ಅರ್ಧ ನಿಮಿಷ ಕೂರಿ. ದಿನಾ ಮಾಡಿ. ಪುಸ್ತಕ ತಿಂಗಳಿಗೊಮ್ಮೆ ತೆಳ್ಳಗಾಗಲಿ. ನಿಮ್ಮ ತಾತನಿಗೆ ಇದನ್ನು ಯಾರೂ ಹೇಳಿಕೊಟ್ಟಿಲ್ಲ, ಅವರು ಹುಟ್ಟಿದಾಗಿನಿಂದ ಹಾಗೆ ಕೂರುವುದನ್ನು ಬಿಟ್ಟೇ ಇಲ್ಲ, ಅಷ್ಟೇ.

ಸಕ್ಕರೆ ಕಾಯಿಲೆಯವ

ಶುಗರ್ ಇರುವವರಿಗೆ ನನ್ನ ಕಡೆಯಿಂದ ಒಂದು ಮಾತು. ಅಂಗಾಲು ಮರಗಟ್ಟಿದ್ದರೆ ಒಂಟಿಕಾಲಲ್ಲಿ ನಿಲ್ಲುವುದನ್ನು ಏನೂ ಹಿಡಿಯದೆ ಮಾಡಬೇಡಿ. ಬರಿಗಾಲಲ್ಲಿ ಅಂಗಳದಲ್ಲಿ ಮಾಡುವುದಂತೂ ಬೇಡವೇ ಬೇಡ. ನನ್ನ ಕಾಲಿಗೆ ಗಾಜು ಹೊಕ್ಕಿದ್ದು ನನಗೆ ಎರಡು ದಿನ ಗೊತ್ತಾಗಲಿಲ್ಲ.

ಹಾಸನದ ಮಗಳು

ಐದು ವಾರ ಆಯಿತು, ಬರೆಯುತ್ತೇನೆ ಅಂದಿದ್ದೆ. ಎರಡೂ ದಿಂಬು ಹೋದವು. ಕೈ ಕಟ್ಟಿಕೊಂಡು ಬರೀ ಕುರ್ಚಿಯಿಂದ ಮೂವತ್ತು ಸೆಕೆಂಡಿಗೆ ಏಳು. ಮೊದಲ ವಾರ ತೊಡೆ ನೋಯುತ್ತದೆ ಅಂದರು. ಮಂಡಿಯೋ ತೊಡೆಯೋ ಅಂತ ಎರಡೆರಡು ಸಲ ಕೇಳಿದೆ, ತೊಡೆಯೇ. ನಾಲ್ಕನೇ ದಿನ ಹೋಯಿತು.

ಅಮ್ಮ ತಾವೇ ಒಂದು ಉಪಾಯ ಮಾಡಿದ್ದಾರೆ. ಮನೆಯಲ್ಲಿ ಊಟಕ್ಕೆ ಕೂರುವ ಹಳೆಯ ಮಣೆಗಳು ಒಂಬತ್ತಿವೆ, ಹಲಸಿನ ಮರದವು. ಅವನ್ನು ಗೋಡೆ ಪಕ್ಕ ಒಂದರ ಮೇಲೊಂದು ಪೇರಿಸಿ ಅಲುಗದ ಹಾಗೆ ನೋಡಿಕೊಂಡು ಅದರ ಮೇಲೆ ಕೂತು ಏಳುತ್ತಾರೆ. ಮೇಲಿನದು ಸಲೀಸಾದರೆ ಒಂದು ಮಣೆ ತೆಗೆದು ಪಕ್ಕಕ್ಕೆ ಇಡುವುದು. ಈಗ ಆರು ಉಳಿದಿವೆ. ಪಕ್ಕದಲ್ಲಿ ಮಂಚದ ಕಾಲು ಇದೆ, ಬೇಕಾದರೆ ಹಿಡಿಯಲು.

ಆದರೆ ಅಕಸ್ಮಾತ್ ಬಿದ್ದರೆ? ಆ ದಿನದ ಹಾಗೆ ನೆಲದ ಮೇಲೆ ಒಬ್ಬರೇ ಇದ್ದರೆ? ನನಗೆ ಆ ಭಯ ಹೋಗಿಲ್ಲ.

ಹುಬ್ಬಳ್ಳಿ ಫಿಸಿಯೋ

ಮಣೆ ಪೇರಿಸುವುದನ್ನು ನಾಳೆಯಿಂದ ನಾನೂ ಎಲ್ಲರಿಗೂ ಹೇಳುತ್ತೇನೆ, ಅಮ್ಮನಿಗೆ ತಿಳಿಸಿ.

ಬಿದ್ದರೆ ಏಳುವುದನ್ನು ಬೀಳುವ ಮೊದಲೇ ಕಲಿಯಬೇಕು. ಆ ದಿನ ಅಮ್ಮ ಕೂತಲ್ಲಿಂದ ನೇರ ಮೇಲೇಳಲು ನೋಡಿದ್ದಾರೆ, ಅದು ಎಲ್ಲಕ್ಕಿಂತ ಕಷ್ಟದ ದಾರಿ. ಮಗು ಏಳುವುದನ್ನು ನೆನಪಿಸಿಕೊಳ್ಳಿ. ಅದು ಮಗ್ಗುಲಾಗಿ, ಕೈ ಊರಿ, ಅಂಬೆಗಾಲಿಗೆ ಬಂದು, ಏನಾದರೂ ಹಿಡಿದು ನಿಲ್ಲುತ್ತದೆ. ಅಮ್ಮನೂ ಹಾಗೇ ಮಾಡಬೇಕು. ಮೊದಲು, ಎಲ್ಲಾದರೂ ಜೋರು ಪೆಟ್ಟಾಗಿದೆಯಾ ಅಂತ ಒಂದು ನಿಮಿಷ ಸುಮ್ನೆ ಮಲಗಿ ನೋಡಲಿ. ಸೊಂಟದ ಕೀಲಲ್ಲಿ ವಿಪರೀತ ನೋವಿದ್ದರೆ ಏಳಲು ಹೋಗಬಾರದು, ಕರೆಯಬೇಕು, ಅದಕ್ಕೆ ಫೋನ್ ಸೆರಗಲ್ಲೋ ಕುತ್ತಿಗೆಯಲ್ಲೋ ಇರಲಿ. ನೋವಿಲ್ಲದಿದ್ದರೆ ಒಂದು ಮಗ್ಗುಲಿಗೆ ಹೊರಳಿ, ಮೊಣಕೈ ಊರಿ, ಅಂಬೆಗಾಲಿಗೆ ಬಂದು, ಹತ್ತಿರದ ಕುರ್ಚಿಯವರೆಗೆ ಹೋಗಲಿ. ಎರಡೂ ಅಂಗೈ ಕುರ್ಚಿಯ ಮೇಲೆ. ಗಟ್ಟಿಯಿರುವ ಕಾಲಿನ ಪಾದ ಮುಂದೆ ತಂದು ನೆಲಕ್ಕೆ ಊರಿ, ಕೈ ಮತ್ತು ಆ ಕಾಲಿನಿಂದ ಒತ್ತಿ ಎದ್ದು, ತಿರುಗಿ ಕುರ್ಚಿಗೆ ಕೂರಲಿ. ಮಂಡಿ ಕೆಳಗೆ ಮಡಚಿದ ಕಂಬಳಿ ಹಾಕಿ, ಹಾಸಿಗೆಯ ಮೇಲೆ ಮೊದಲು ಕಲಿಸಿ, ಆಮೇಲೆ ನೆಲದ ಮೇಲೆ. ವಾರಕ್ಕೆ ಎರಡು ಸಲ, ನೀವು ಪಕ್ಕದಲ್ಲಿದ್ದಾಗ.

ಹಾಸನದ ಮಗಳು

ಹನ್ನೊಂದನೇ ವಾರ. ಮಣೆ ಎರಡು ಉಳಿದಿವೆ. ಕುರ್ಚಿಯ ಲೆಕ್ಕ ಹನ್ನೆರಡು.

ಅಂಬೆಗಾಲು ಹಾಕಲು ಮೊದಲು ನಾಚಿಕೊಂಡರು, ಕದ ಹಾಕು ಅಂದರು. ಈಗ ತಾವೇ ಕರೆಯುತ್ತಾರೆ, ಬಾ ನೋಡು ಅಂತ. ನಿನ್ನೆ ಅಟ್ಟದಿಂದ ಈಳಿಗೆ ಮಣೆ ಇಳಿಸು ಅಂದರು. ತುಕ್ಕು ಹಿಡಿದಿತ್ತು, ಹುಣಸೆಹಣ್ಣು ಹಾಕಿ ಉಜ್ಜಿದರು. ಎರಡು ಮಣೆಯ ಮೇಲೆ ಕೂತು ಒಂದು ಹೋಳು ಕಾಯಿ ತುರಿದರು. ಹತ್ತು ನಿಮಿಷ ಆಗುತ್ತಿದ್ದ ಹಾಗೆ ನಾನು ಹೇಳುವ ಮೊದಲೇ ಬಟ್ಟಲು ಪಕ್ಕಕ್ಕಿಟ್ಟು, ಒಂದು ಕೈ ತೊಡೆಯ ಮೇಲೆ ಊರಿ, ಎದ್ದರು. ಗೋಡೆ ಮುಟ್ಟಲಿಲ್ಲ.

ನಾನು ಈ ಚರ್ಚೆಯನ್ನು ದಿನಾ ರಾತ್ರಿ ಅಮ್ಮನಿಗೆ ಓದಿ ಹೇಳುತ್ತಿದ್ದೇನೆ. ಕುಂದಾಪುರದ ಅತ್ತೆಯವರು ಆಮೇಲೆ ಏನೂ ಬರೆದಿಲ್ಲವಲ್ಲ, ಅವರು ಮತ್ತೆ ಶುರು ಮಾಡಿದರಾ ಕೇಳು ಅಂತ ಅಮ್ಮ ಎರಡು ಸಲ ಹೇಳಿದರು. ಅತ್ತೆ, ಹೇಗಿದ್ದೀರಿ?

ಕುಂದಾಪುರದ ಅತ್ತೆ

ಎಲ್ಲ ಓದುತ್ತಿದ್ದೆ. ಬರೆಯಲು ಏನೂ ಇರಲಿಲ್ಲ, ಅದಕ್ಕೆ ಸುಮ್ಮನಿದ್ದೆ. ಇವತ್ತು ಕುರ್ಚಿ ಗೋಡೆಗೆ ಒತ್ತಿ ಇಟ್ಟುಕೊಂಡೆ. ದಿಂಬು ಒಂದು ಹಾಕಿ ಐದು ಸಲ ಎದ್ದೆ. ಅಮ್ಮನಿಗೆ ಹೇಳಿ. ನಾಡಿದ್ದು ಮತ್ತೆ ಬರೆಯುತ್ತೇನೆ.